ಆಫ್ರಿಕಾಕ್ಕೆ 2, ಯುರೋಪಿಗೆ 8, ನಮಗೆ 9: ಮಕ್ಕಳ ಹೃದಯದ ಈ ಲೆಕ್ಕ ನಂಬಬಹುದೇ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಮಗಳಿಗೆ ಈಗ 14 ತಿಂಗಳು. ಎರಡೂವರೆ ತಿಂಗಳಿದ್ದಾಗ ಎಕೋ (ಹೃದಯದ ಸ್ಕ್ಯಾನ್) ಮಾಡಿ, ಹೃದಯದಲ್ಲಿ 4 ಮಿಲಿಮೀಟರ್ ತೂತಿದೆ, ವಿಎಸ್‌ಡಿ ಅಂದರು. ಸದ್ಯಕ್ಕೆ ಕಾದು ನೋಡೋಣ ಎಂದಿದ್ದಾರೆ. ನಮ್ಮ ಯಜಮಾನರು ನನ್ನ ಸೋದರಮಾವನ ಮಗ. ಒಳಗೊಳಗೇ ಕೊಟ್ಟು ತಂದಿದ್ದಕ್ಕೇ ಹೀಗಾಯಿತು ಎಂದು ಆಡಿಕೊಳ್ಳುತ್ತಾರೆ. ಆದರೆ ನೆದರ್‌ಲೆಂಡ್ಸ್‌ನಲ್ಲಿರುವ ನನ್ನ ತಮ್ಮ ಹೊರಗಿನಿಂದ ಹೆಣ್ಣು ತಂದವನು. ಅವನ ಮಗುವಿಗೂ ಇದೇ ತೂತು, ಹೊಟ್ಟೆಯಲ್ಲಿದ್ದಾಗಲೇ ಗೊತ್ತಾಯಿತು. ಹುಟ್ಟು ಹೃದ್ರೋಗ ಆಫ್ರಿಕಾದಲ್ಲಿ ಸಾವಿರಕ್ಕೆ 2 ಮಕ್ಕಳಿಗೆ, ಯುರೋಪಿನಲ್ಲಿ 8, ಏಷ್ಯಾದಲ್ಲಿ 9 ಮಕ್ಕಳಿಗೆ ಬರುತ್ತದೆ ಎಂದು ಓದಿದೆ. ನಮ್ಮ ಮಕ್ಕಳ ಹೃದಯವೇ ದುರ್ಬಲವೇ? ಸಂಬಂಧದ ಮದುವೆಯೇ ಕಾರಣವೇ? ಎರಡನೇ ಮಗುವಿಗೆ ಧೈರ್ಯ ಮಾಡಬಹುದೇ?

ಉತ್ತರ: ಮೊದಲು ಆ 2, 8, 9ರ ಲೆಕ್ಕ ನೋಡಿಬಿಡೋಣ, ಯಾಕೆಂದರೆ ನಿಮ್ಮ ಉಳಿದ ಭಯವೆಲ್ಲ ಅದರ ಮೇಲೇ ನಿಂತಿದೆ.

ಅಂಕಿಗಳು ಸುಳ್ಳಲ್ಲ. ಜಗತ್ತಿನ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಏಷ್ಯಾಕ್ಕೆ ಸಾವಿರಕ್ಕೆ 9.3, ಯುರೋಪಿಗೆ 8.2, ಉತ್ತರ ಅಮೆರಿಕಕ್ಕೆ 6.9, ಆಫ್ರಿಕಾಕ್ಕೆ 1.9 ಎಂದೇ ಇದೆ. ನೀವು ಓದಿದ್ದು ಬಹುಶಃ ಇದರದೇ ಸಾರ. ಆದರೆ ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ. 1930ರ ದಶಕದ ಆರಂಭದಲ್ಲಿ ಈ ಪ್ರಮಾಣ ಸಾವಿರಕ್ಕೆ 0.6 ಇತ್ತು, 1995ರ ನಂತರ 9.1 ಆಯಿತು. ಅರವತ್ತು ಚಿಲ್ಲರೆ ವರ್ಷಗಳಲ್ಲಿ ಮನುಷ್ಯರ ಮಕ್ಕಳ ಹೃದಯ ಹದಿನೈದು ಪಟ್ಟು ಕೆಟ್ಟುಹೋಯಿತೇ? ಹಾಗೇನಿಲ್ಲ, ನಡುವೆ ಎಕೋ ಯಂತ್ರ ಬಂತು, ಅಷ್ಟೇ. ಮೊದಲು ಮೈ ನೀಲಿಗಟ್ಟಿದ ಮಗು, ಏದುಸಿರು ಬಿಡುವ ಮಗು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಈಗ ಆಡಿಕೊಂಡು ನಗುತ್ತಿರುವ ಮಗುವಿನ ಹೃದಯದ ಸೂಜಿಮೊನೆಯಷ್ಟು ತೂತೂ ಲೆಕ್ಕಕ್ಕೆ ಬರುತ್ತದೆ. ಆಫ್ರಿಕಾದ 1.9 ಹುಟ್ಟಿದ್ದೂ ಹೀಗೆಯೇ. ಅದು ಅಲ್ಲಿನ ಮಕ್ಕಳ ಹೃದಯದ ಗಟ್ಟಿತನವನ್ನು ಹೇಳುವುದಿಲ್ಲ, ಅಲ್ಲಿ ಎಷ್ಟು ಕಡೆ ಎಕೋ ಇದೆ ಎನ್ನುವುದನ್ನು ಹೇಳುತ್ತದೆ.

ಹುಡುಕಿದಷ್ಟೂ ಸಿಗುವ ಕಾಯಿಲೆ ಇದು. ಇಸ್ರೇಲ್‌ನ ಆಸ್ಪತ್ರೆಯೊಂದರಲ್ಲಿ 1990ರ ದಶಕದಲ್ಲಿ ನವಜಾತ ಶಿಶುಗಳಿಗೆ, ಏನೂ ತೊಂದರೆ ಕಾಣದಿದ್ದರೂ, ಎಕೋ ಮಾಡಿ ನೋಡಿದರು. ಕೆಳಕೋಣೆಗಳ ನಡುವಿನ ಸ್ನಾಯುಗೋಡೆಯಲ್ಲಿ ಪುಟ್ಟ ತೂತಿದ್ದ ಮಕ್ಕಳು ಸಾವಿರಕ್ಕೆ 50ಕ್ಕೂ ಮೇಲೆ ಸಿಕ್ಕರು. ಅಂದರೆ ಇಪ್ಪತ್ತರಲ್ಲಿ ಒಂದು ಮಗು! ವರ್ಷ ತುಂಬುವುದರೊಳಗೆ ಹೆಚ್ಚಿನವು ತಾವಾಗಿ ಮುಚ್ಚಿಕೊಂಡವು. ಎಕೋ ಮಾಡದಿದ್ದರೆ ಆ ತಾಯಂದಿರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗೆಯೇ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಕವಾಟಕ್ಕೆ ಮೂರು ಎಸಳಿರಬೇಕಾದ ಕಡೆ ಎರಡೇ ಇರುವವರು ನೂರಕ್ಕೆ ಒಬ್ಬಿಬ್ಬರು. ಅವರನ್ನು ಬಹುತೇಕ ಅಧ್ಯಯನಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಡಿದರೆ ಯಾವ ದೇಶದ ಅಂಕಿಯಾದರೂ ರಾತ್ರೋರಾತ್ರಿ ಇಮ್ಮಡಿಯಾಗುತ್ತದೆ. ಹುಟ್ಟಿದ ಮೇಲೆ ತಾನಾಗಿ ಮುಚ್ಚಬೇಕಾದ ಡಕ್ಟಸ್ ಎಂಬ ರಕ್ತನಾಳ ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಮುಚ್ಚದೆ ಉಳಿದರೆ ಅದನ್ನು ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಎರಡು ದೇಶಗಳ ಅಂಕಿಯನ್ನು ಅಕ್ಕಪಕ್ಕ ಇಟ್ಟವರು ಇದನ್ನೆಲ್ಲ ಹೇಳದೇ ಹೋದರೆ ನಾನು ಆ ಹೋಲಿಕೆಯನ್ನು ಪಕ್ಕಕ್ಕೆ ಸರಿಸುತ್ತೇನೆ.

ನಮ್ಮ ದೇಶದೊಳಗೇ ನೋಡಿ. ಶಾಲಾ ಮಕ್ಕಳ ತಪಾಸಣೆಯಿಂದ ಬಂದ ಹಳೆಯ ಅಂಕಿಗಳು ಸಾವಿರಕ್ಕೆ ಒಂದರಿಂದ ಐದರ ಆಚೀಚೆ ಇವೆ. ದೆಹಲಿಯ ಆಸ್ಪತ್ರೆಯೊಂದರಲ್ಲಿ 20 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಎಕೋ ಸಮೇತ ಪರೀಕ್ಷಿಸಿದಾಗ ಸಿಕ್ಕಿದ್ದು ಸಾವಿರಕ್ಕೆ ಸುಮಾರು 8. ದೇಶ ಒಂದೇ ಆಗಿದ್ದೂ ಅಂಕಿ ಇಷ್ಟು ಬದಲಾಯಿತು. ಶಾಲೆಯ ಲೆಕ್ಕ ಏಕೆ ಕಡಿಮೆ ಎಂದು ನಿಮಗೇ ಹೊಳೆಯಬಹುದು. ಸಣ್ಣ ತೂತಿನ ಮಕ್ಕಳದು ಆರು ವರ್ಷಕ್ಕೆ ಮುಚ್ಚಿರುತ್ತದೆ, ದೊಡ್ಡ ದೋಷದ ಮಕ್ಕಳು ಒಂದನೇ ತರಗತಿವರೆಗೆ ಬಂದಿರುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ "ನಿಮೋನಿಯಾ ಆಗಿ ಮೊಗ ಹೋಗ್ಬುಡ್ತು ಸಾ" ಎಂದು ಹೇಳುವ ಅಜ್ಜಿಯರ ಮಾತು ಕೇಳಿ, ಆ ಮಗು ಹಾಲು ಕುಡಿಯುವಾಗ ಹೇಗಿತ್ತು ಎಂದು ವಿಚಾರಿಸಿದರೆ, ಕೆಲವೊಮ್ಮೆ ಹೃದಯದ ಕಥೆಯೇ ಹೊರಬರುತ್ತದೆ. ಎರಡು ಗುಟುಕು ಕುಡಿದು ನಿಲ್ಲಿಸುವುದು, ಹಣೆ ನೆತ್ತಿಯೆಲ್ಲ ಬೆವರುವುದು, ಪಕ್ಕೆ ಒಳಕ್ಕೆಳೆದು ಉಸಿರಾಡುವುದು, ಮೂರು ತಿಂಗಳಾದರೂ ತೂಕ ಏರದಿರುವುದು. ಬಾಲಗ್ರಹ ಅಂತ ಅಂತ್ರ ಕಟ್ಟಿಸಿ ಸುಮ್ಮನಾದ ಮನೆಗಳೂ ಉಂಟು. ಇಂಥ ಮಗು ಯಾವ ದೇಶದ ಅಂಕಿಯಲ್ಲೂ ಹೃದ್ರೋಗ ಎಂದು ದಾಖಲಾಗುವುದಿಲ್ಲ.

ಹಾಗಾದರೆ ನಿಜವಾದ ಪ್ರಮಾಣ ಎಷ್ಟು? ಸರಿಯಾಗಿ ಹುಡುಕಿದ ಕಡೆಯಲ್ಲೆಲ್ಲ ಸಾವಿರಕ್ಕೆ ಎಂಟರಿಂದ ಹತ್ತು. ಯುರೋಪಿನಲ್ಲಾಗಲಿ, ಚೀನಾದಲ್ಲಾಗಲಿ, ದೆಹಲಿಯಲ್ಲಾಗಲಿ ಹೆಚ್ಚುಕಡಿಮೆ ಇಷ್ಟೇ. ನಮ್ಮಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಕ್ಕಳು ಹೃದಯದೋಷದೊಂದಿಗೆ ಹುಟ್ಟುತ್ತಾರೆ ಎಂಬ ಅಂದಾಜು ಇದೆ. ಅದು ದೊಡ್ಡ ಸಂಖ್ಯೆಯಾಗಿ ಕಾಣುವುದು ನಮ್ಮಲ್ಲಿ ಹೆರಿಗೆಗಳೇ ಹೆಚ್ಚಿರುವುದರಿಂದ, ಹೃದಯ ದುರ್ಬಲವಾಗಿರುವುದರಿಂದಲ್ಲ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ.

ಇಲ್ಲಿಗೇ ಮುಗಿಸಿದರೆ ಮಾತ್ರ ಅರ್ಧಸತ್ಯ ಹೇಳಿದಂತಾಗುತ್ತದೆ. ಜನಾಂಗದಿಂದ ಜನಾಂಗಕ್ಕೆ ಒಟ್ಟು ಮೊತ್ತ ಅಷ್ಟಾಗಿ ಬದಲಾಗದಿದ್ದರೂ, ದೋಷದ ಬಗೆ ಬದಲಾಗುತ್ತದೆ. ಅದು ನಿಮ್ಮ ಮಗಳಿಗೆ ನೇರವಾಗಿ ಸಂಬಂಧಪಟ್ಟ ವಿಷಯ.

ವಿಎಸ್‌ಡಿ ಎಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಆ ಗೋಡೆ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಳಭಾಗ ದಪ್ಪ ಸ್ನಾಯು, ಮೇಲ್ಭಾಗದಲ್ಲಿ ತೆಳುಪೊರೆಯ ಜಾಗ, ಅದರಿಂದಲೂ ಮೇಲೆ, ಎರಡು ದೊಡ್ಡ ರಕ್ತನಾಳಗಳ ಕವಾಟಗಳ ಬುಡದಲ್ಲೇ, ಇನ್ನೊಂದು ಜಾಗ. ಈ ಕೊನೆಯ ಜಾಗದ ತೂತು ಪಾಶ್ಚಾತ್ಯ ದೇಶಗಳಲ್ಲಿ ವಿಎಸ್‌ಡಿ ಇರುವ ಮಕ್ಕಳಲ್ಲಿ ನೂರಕ್ಕೆ ಐದರಷ್ಟು. ಜಪಾನ್, ಚೀನಾ ಕಡೆ ಅದು ನೂರಕ್ಕೆ ಮೂವತ್ತರವರೆಗೂ ಹೋಗುತ್ತದೆ. ಕಾರಣ ವಂಶವಾಹಿಗಳಲ್ಲಿದೆ, ಎಣಿಕೆಯ ಆಟವಲ್ಲ. ಎಕೋ ಚೆನ್ನಾಗಿರುವ ದೇಶಗಳ ನಡುವೆಯೇ ಈ ಅಂತರ ಉಳಿದಿದೆ.

ಇದರಿಂದ ಏನಾಗುತ್ತದೆ ಗೊತ್ತೇ? ಸ್ನಾಯುಭಾಗದ ತೂತು ಮಗು ಬೆಳೆದ ಹಾಗೆ ತಾನೇ ಮುಚ್ಚಿಕೊಳ್ಳುವುದು ಹೆಚ್ಚು. ಪೊರೆಯ ಜಾಗದ ತೂತೂ ಎಷ್ಟೋ ಸಲ ಕುಗ್ಗುತ್ತದೆ, ಮುಚ್ಚುತ್ತದೆ. ಆದರೆ ಕವಾಟದ ಬುಡದ ತೂತು ನಿಜವಾಗಿ ಮುಚ್ಚುವುದು ಅಪರೂಪ. ಮುಚ್ಚಿದಂತೆ ಕಂಡರೆ, ಮಹಾಪಧಮನಿಯ ಕವಾಟದ ಎಸಳೇ ಜೋತು ಆ ತೂತಿಗೆ ಅಡ್ಡ ಬಂದು ಕೂತಿರಬಹುದು. ಕ್ರಮೇಣ ಆ ಕವಾಟ ಸೋರಲು ಶುರುವಾಗುತ್ತದೆ. ಹಾಗಾಗಿ ಜಪಾನಿನ ಶಸ್ತ್ರವೈದ್ಯರು ಈ ಬಗೆಯಲ್ಲಿ ತೂತು ಸಣ್ಣದಿದ್ದರೂ, ಮಗು ಆಟವಾಡಿಕೊಂಡಿದ್ದರೂ, ಎಸಳು ಜೋಲುವ ಸುಳಿವು ಕಂಡಕೂಡಲೇ ಆಪರೇಷನ್ನಿನ ಮಾತೆತ್ತುತ್ತಾರೆ. ಸಣ್ಣ ತೂತು, ಲಕ್ಷಣವಿಲ್ಲ, ಕಾಯಿರಿ ಎಂಬ ಸಲಹೆ ಈ ಬಗೆ ವಿರಳವಾಗಿರುವ ಕಡೆ ಸುಲಭವಾಗಿ ಹೊಂದುತ್ತದೆ. ನಮ್ಮಲ್ಲಿ ಅದನ್ನು ಜಾಗ ನೋಡದೆ ಹೇಳಲಾಗದು. ಆದ್ದರಿಂದ, ತಾಯಂದಿರೆಲ್ಲ ಕೇಳುವ "ಎಷ್ಟು ಎಂಎಂ ಇದೆ ಡಾಕ್ಟ್ರೇ?" ಎಂಬ ಪ್ರಶ್ನೆಗಿಂತ "ಎಲ್ಲಿದೆ?" ಎಂಬ ಪ್ರಶ್ನೆ ಮುಖ್ಯ. ನಿಮ್ಮ ಎಕೋ ವರದಿಯಲ್ಲಿ ಜಾಗದ ಹೆಸರು ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಅಂತರ ಎಡಭಾಗದ ದೋಷಗಳದು. ಮಹಾಪಧಮನಿ ಕಿರಿದಾಗಿರುವುದು, ಅದರ ಕವಾಟ ಬಿಗಿಯಾಗಿರುವುದು, ಎಡ ಕೆಳಕೋಣೆಯೇ ಬೆಳೆಯದೆ ಉಳಿದುಬಿಡುವುದು. ಇವು ಬಿಳಿಯ ಜನಾಂಗಗಳಲ್ಲಿ ಹೆಚ್ಚು, ಪೂರ್ವ ಏಷ್ಯಾದಲ್ಲಿ ಕಡಿಮೆ. ನಮ್ಮ ಹೊರರೋಗಿ ವಿಭಾಗಗಳಲ್ಲೂ ಎಡಕೋಣೆ ಬೆಳೆಯದ ಮಕ್ಕಳು ಅಪರೂಪ. ಆದರೆ ನಮ್ಮಲ್ಲಿ ಕಡಿಮೆ ಎಂದು ಬೀಗುವಂತಿಲ್ಲ, ಏಕೆಂದರೆ ಆ ಮಕ್ಕಳಲ್ಲಿ ಹಲವರು ಮೊದಲ ವಾರದಲ್ಲೇ, ಯಾವ ಎಕೋ ಯಂತ್ರವೂ ಮುಟ್ಟುವ ಮೊದಲೇ, ಹೋಗಿಬಿಟ್ಟಿರುತ್ತಾರೆ. ಅತ್ತ ಫ್ರಾನ್ಸಿನಂಥ ದೇಶದಲ್ಲಿ ಇದು ಗರ್ಭದಲ್ಲೇ ಪತ್ತೆಯಾಗಿ ಹಲವು ದಂಪತಿ ಗರ್ಭಪಾತ ಆರಿಸಿಕೊಳ್ಳುವುದರಿಂದ ಅಲ್ಲೂ ಹುಟ್ಟಿದ ಮಕ್ಕಳಲ್ಲಿ ಅಂಕಿ ಇಳಿಯುತ್ತದೆ. ಎರಡು ದೇಶಗಳಲ್ಲಿ ಅಂಕಿ ಒಂದೇ ರೀತಿ ಇಳಿದಿರಬಹುದು. ಇಳಿದ ದಾರಿ ಬೇರೆ ಬೇರೆ.

ಎತ್ತರದ ಊರುಗಳದು ಬೇರೆಯೇ ಕಥೆ. ಪೆರುವಿನ ಆಂಡೀಸ್ ಪರ್ವತದ ಮೇಲೆ, ಟಿಬೆಟ್ ಪ್ರಸ್ಥಭೂಮಿಯಲ್ಲಿ ಡಕ್ಟಸ್ ಮುಚ್ಚದೆ ಉಳಿಯುವುದು ಬಯಲಿಗಿಂತ ಬಹುಪಟ್ಟು ಹೆಚ್ಚು. ಹುಟ್ಟಿದ ಮೇಲೆ ರಕ್ತದಲ್ಲಿ ಆಮ್ಲಜನಕ ಏರುವುದೇ ಆ ನಾಳಕ್ಕೆ ಮುಚ್ಚಿಕೋ ಎಂಬ ಸಂದೇಶ, ಗಾಳಿ ತೆಳುವಾದ ಕಡೆ ಆ ಸಂದೇಶ ಸಣ್ಣಗಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಮಂಡ್ಯ ಇನ್ನೂ ಕೆಳಗೆ. ನಮಗೆ ಆ ತಾಪತ್ರಯವಿಲ್ಲ.

ಈಗ ಸಂಬಂಧದ ಮದುವೆಗೆ ಬರೋಣ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದಲ್ಲಿ ರಕ್ತಸಂಬಂಧದೊಳಗೆ ಮದುವೆಯಾದ ಮಹಿಳೆಯರು ನೂರಕ್ಕೆ ಸುಮಾರು 27. ತಮಿಳುನಾಡು ಬಿಟ್ಟರೆ ಇಷ್ಟು ಹೆಚ್ಚು ಇರುವ ದೊಡ್ಡ ರಾಜ್ಯ ಇನ್ನೊಂದಿಲ್ಲ. ಅಕ್ಕನ ಮಗಳು, ಸೋದರಮಾವನ ಮಗ, ಸೋದರತ್ತೆ ಮಗಳು ಎಲ್ಲ ಇದರಲ್ಲಿ ಬಂತು. ಈಗ ಒಂದು ಸಣ್ಣ ಲೆಕ್ಕ ಹಾಕಿ. ಹೃದಯದ ತೊಂದರೆಯಿರುವ ನೂರು ಮಕ್ಕಳ ತಂದೆತಾಯಿಯನ್ನು ಕೇಳಿದಾಗ ಇಪ್ಪತ್ತೈದು ಜೋಡಿ ಸಂಬಂಧದವರೇ ಎಂದು ಗೊತ್ತಾಯಿತು ಅಂದುಕೊಳ್ಳೋಣ. "ನೋಡಿದಿರಾ!" ಎಂದು ಬೆರಳು ತೋರಿಸುವವರು ತೋರಿಸುತ್ತಾರೆ. ಆದರೆ ಕಾಯಿಲೆಯೇ ಇಲ್ಲದ ನೂರು ಮಕ್ಕಳ ಮನೆಗೆ ಹೋಗಿ ಕೇಳಿದರೂ ಇಪ್ಪತ್ತೈದು ಜೋಡಿ ಹಾಗೇ ಸಿಗುತ್ತಾರೆ! ಬರೀ ರೋಗಿಗಳನ್ನು ಎಣಿಸಿದರೆ ಏನೂ ತಿಳಿಯದು. ಆರೋಗ್ಯವಂತರ ಜೊತೆ ಹೋಲಿಸಬೇಕು.

ಹಾಗೆ ಹೋಲಿಸಿ ನೋಡಿದ ಅಧ್ಯಯನವೊಂದು ನಮ್ಮ ಮೈಸೂರಿನದೇ. ಮೈಸೂರು ವಿಶ್ವವಿದ್ಯಾಲಯದ ತಳಿವಿಜ್ಞಾನ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು. ಹೃದಯದೋಷವಿರುವ ಮಕ್ಕಳ ತಂದೆತಾಯಿಯಲ್ಲಿ ರಕ್ತಸಂಬಂಧದ ಮದುವೆ ನಿಜಕ್ಕೂ ಹೆಚ್ಚಿತ್ತು ಎಂಬುದು ಅವರ ತೀರ್ಮಾನ. ಲೆಬನಾನ್, ಸೌದಿ ಅರೇಬಿಯಾ ಕಡೆಯಿಂದಲೂ ಇದೇ ದಿಕ್ಕಿನ ಮಾತು ಬಂದಿದೆ. ಆದ್ದರಿಂದ ಸಂಬಂಧಕ್ಕೂ ಹೃದಯಕ್ಕೂ ಏನೇನೂ ಸಂಬಂಧವಿಲ್ಲ ಎಂದು ನಿಮ್ಮನ್ನು ಸಮಾಧಾನಪಡಿಸಲು ನಾನು ಹೇಳಲಾರೆ.

ಆದರೆ ಎಷ್ಟು? ಇದಕ್ಕೆ ನಾನು ಕಂಡ ಒಳ್ಳೆಯ ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನದು. ಊರು ಒಂದೇ, ಹೆರಿಗೆ ಆಸ್ಪತ್ರೆ ಒಂದೇ, ನೋಡುವ ವೈದ್ಯರೂ ಅವರೇ. ಅಲ್ಲಿ ಪಾಕಿಸ್ತಾನ ಮೂಲದ ಕುಟುಂಬಗಳಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವನ ಮಕ್ಕಳ ನಡುವೆ ಮದುವೆ ಸಾಮಾನ್ಯ. ಬಿಳಿಯರಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಎಕೋ ಇದೆಯೋ ಇಲ್ಲವೋ ಎಂಬ ಗೊಂದಲ ಇಲ್ಲಿಲ್ಲ. 11 ಸಾವಿರಕ್ಕೂ ಹೆಚ್ಚು ಶಿಶುಗಳ ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೃದಯ ಮಾತ್ರವಲ್ಲ, ಎಲ್ಲ ಬಗೆಯ ಹುಟ್ಟುದೋಷಗಳನ್ನೂ ಸೇರಿಸಿ ನೋಡಿದಾಗ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಅಪಾಯ ನೂರಕ್ಕೆ 3ರಿಂದ 6ಕ್ಕೆ ಏರಿತ್ತು. ಬಡತನ ಕಾರಣವೇ ಎಂದೂ ನೋಡಿದರು, ಅದಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: 34 ದಾಟಿದ ಬಿಳಿಯ ತಾಯಂದಿರ ಮಕ್ಕಳಲ್ಲೂ ಅಪಾಯ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ತಡವಾಗಿ ಮಗು ಮಾಡಿಕೊಂಡಳೆಂದು ಯಾರೂ ಬೀದಿಯಲ್ಲಿ ನಿಂತು ಆಡಿಕೊಳ್ಳುವುದಿಲ್ಲ, ಗಮನಿಸಿ.

ಇಮ್ಮಡಿ ಎಂಬ ಮಾತು ಕೇಳಲು ದೊಡ್ಡದು. ನೂರರಲ್ಲಿ 94 ಮಕ್ಕಳು ಚೆನ್ನಾಗಿ ಹುಟ್ಟಿದರು ಎಂಬುದೂ ಅದೇ ಅಂಕಿಯ ಇನ್ನೊಂದು ಮುಖ. ನಿಮಗೂ ನಿಮ್ಮ ಯಜಮಾನರಿಗೂ ಒಂದು ಕಡೆಯ ಅಜ್ಜ ಅಜ್ಜಿ ಒಬ್ಬರೇ. ಹಾಗಾಗಿ ನಿಮ್ಮ ಮಗಳ ವಂಶವಾಹಿಗಳಲ್ಲಿ ಸರಾಸರಿ 16ರಲ್ಲಿ 1 ಭಾಗ ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬಂದಿರುತ್ತದೆ. ಅಕ್ಕನ ಮಗಳನ್ನು ಮದುವೆಯಾದಲ್ಲಿ ಅದು 8ರಲ್ಲಿ 1. ನಿಮ್ಮ ತಂದೆತಾಯಿಯೂ ಸಂಬಂಧದವರೇ ಆಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳಿವೆ, ಕೆಲವು ಬಗೆಯ ಹುಟ್ಟು ಕಿವುಡು, ಥಲಸ್ಸೇಮಿಯಾ ಇತ್ಯಾದಿ. ಅವುಗಳಲ್ಲಿ ಸಂಬಂಧದ ಮದುವೆಯ ಹೊಡೆತ ಜೋರು. ಹೃದಯದ ತೂತು ಹೆಚ್ಚಿನಂಶ ಹಾಗಲ್ಲ. ಹಲವು ವಂಶವಾಹಿಗಳು, ಗರ್ಭದ ಮೊದಲ ವಾರಗಳ ಪರಿಸ್ಥಿತಿ, ಒಂದಿಷ್ಟು ಆಕಸ್ಮಿಕ ಎಲ್ಲ ಸೇರಿ ಆಗುವಂಥದ್ದು. ಆದ್ದರಿಂದ ಇಲ್ಲಿ ಹೊಡೆತ ಸಣ್ಣದು. ನಿಮ್ಮ ಮಗಳೊಬ್ಬಳ ವಿಷಯದಲ್ಲಿ ಇದರಿಂದಲೇ ಆಯಿತು ಎಂದು ಯಾವ ಡಾಕ್ಟರೂ ಹೇಳಲಾರರು, ಆಡಿಕೊಳ್ಳುವವರಂತೂ ಹೇಳಲೇಬಾರದು. ನಿಮ್ಮ ಮಗಳಿಗೆ ಮುಂದೆ ಗಂಡು ಹುಡುಕುವಾಗ ಹೊರಗಡೆ ನೋಡಿ ಎಂದು ಬೇಕಾದರೆ ಈಗಲೇ ಹೇಳಿಡುತ್ತೇನೆ. ಆಸ್ತಿ ಹೊರಗೆ ಹೋಗಬಾರದು ಎಂಬ ವಾದ ನನಗೆ ಎಂದೂ ಹಿಡಿಸಿದ್ದಲ್ಲ.

ನಿಮ್ಮ ತಮ್ಮನ ಮಗುವಿನ ವಿಷಯ ಒಂದು ಸ್ವಾರಸ್ಯದ ಪುರಾವೆ. ಸಂಬಂಧದ ಮದುವೆಯಲ್ಲ, ಹೆರಿಗೆಯೂ ಇಲ್ಲಿ ಆಗಿಲ್ಲ, ಆದರೂ ವಿಎಸ್‌ಡಿ. ಲೆಕ್ಕಕ್ಕೆ ಹಿಡಿಯುವ ಹುಟ್ಟು ಹೃದ್ರೋಗಗಳಲ್ಲೆಲ್ಲ ಅತಿ ಸಾಮಾನ್ಯವಾದದ್ದು ಇದೇ ಆದ್ದರಿಂದ ಕಾಕತಾಳೀಯವಾಗಿರಬಹುದು. ಆದರೂ ಅಕ್ಕ ತಮ್ಮ ಇಬ್ಬರ ಮಕ್ಕಳಿಗೂ ಬಂದಿದೆ ಎಂಬುದನ್ನು ಇಬ್ಬರೂ ನಿಮ್ಮ ನಿಮ್ಮ ಡಾಕ್ಟರಿಗೆ ಹೇಳಿ. ಕುಟುಂಬದಲ್ಲಿ ಮೂರನೆಯವರು ಯಾರಾದರೂ ಇದ್ದಾರೆಯೇ, ಚಿಕ್ಕವಯಸ್ಸಿನಲ್ಲೇ ತೀರಿಕೊಂಡ ಮಕ್ಕಳಿದ್ದರೇ ಎಂದು ನಿಮ್ಮ ತಾಯಿಯವರನ್ನು ಕೇಳಿ ನೋಡಿ. ಇದ್ದರೆ ತಳಿ ಸಲಹೆಗಾರರನ್ನು ಒಮ್ಮೆ ಕಾಣುವುದು ವಾಸಿ.

ಅವನ ಮಗುವಿಗೆ ಹೊಟ್ಟೆಯಲ್ಲೇ ಗೊತ್ತಾಯಿತು, ನಿಮ್ಮ ಮಗಳಿಗೆ ಎರಡೂವರೆ ತಿಂಗಳಿಗೆ. ಇಲ್ಲಿ ಹೆರಿಗೆ ಮಾಡಿಸಿದವರು ಗಮನಿಸಲಿಲ್ಲವೇ ಎಂಬ ಅನುಮಾನ ನಿಮ್ಮನ್ನು ಕಾಡಿರಬಹುದು. ನೆದರ್‌ಲೆಂಡ್ಸ್‌ನಲ್ಲಿ 20ನೇ ವಾರದ ವಿವರವಾದ ಸ್ಕ್ಯಾನ್ ಎಲ್ಲ ಗರ್ಭಿಣಿಯರಿಗೂ ಸಿಗುತ್ತದೆ. ಆ ಸ್ಕ್ಯಾನಿನಲ್ಲೂ ಸಣ್ಣ ವಿಎಸ್‌ಡಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಹುಟ್ಟಿದ ದಿನ ಸ್ಟೆತಾಸ್ಕೋಪಿಗೂ ಅದು ಸಿಗದಿರಲು ಕಾರಣವಿದೆ. ನಿಮ್ಮ ಕಡೆಯ ವಿಶ್ವೇಶ್ವರಯ್ಯ (ವಿಸಿ) ನಾಲೆಯ ತೂಬನ್ನು ನೀವು ನೋಡಿರುತ್ತೀರಿ. ಆಚೆ ಈಚೆ ನೀರಿನ ಮಟ್ಟ ಸಮವಾಗಿದ್ದರೆ ತೂಬು ತೆರೆದರೂ ಸದ್ದಿಲ್ಲ. ಒಂದು ಕಡೆ ಮಟ್ಟ ಇಳಿದು, ತೂಬು ಕಿರಿದಾಗಿ ತೆರೆದಿದ್ದರೆ ಭೋರ್ಗರೆತ. ಹುಟ್ಟಿದ ಕೂಸಿನ ಶ್ವಾಸಕೋಶದ ಕಡೆ ಒತ್ತಡ ಹೆಚ್ಚಿರುತ್ತದೆ, ಎಡಬಲ ಹೆಚ್ಚುಕಡಿಮೆ ಸಮ, ಸದ್ದಿಲ್ಲ. ವಾರಗಳು ಕಳೆದಂತೆ ಬಲಭಾಗದ ಒತ್ತಡ ಇಳಿಯುತ್ತದೆ, ಆಗ ಸದ್ದು ಕೇಳಿಸುತ್ತದೆ. ಸದ್ದು ಜೋರಿದೆ ಎಂದರೆ ಕೆಲವೊಮ್ಮೆ ತೂತು ಸಣ್ಣದಿದೆ ಎಂದೇ ಅರ್ಥ. ಡಾಕ್ಟರು "ಮರ್ಮರ್ ಜೋರಾಗಿದೆ" ಎಂದಾಗ ಕಂಗಾಲಾಗುವ ಅಪ್ಪಂದಿರಿಗೆ ಇದನ್ನು ಹೇಳಿ ಹೇಳಿ ನನಗೆ ರೂಢಿಯಾಗಿದೆ.

ಹಾಗೆಂದು ಹುಟ್ಟಿದಾಗ ಮಾಡುವ ಪರೀಕ್ಷೆ ವ್ಯರ್ಥವಲ್ಲ. ಬಲಗೈಗೂ ಒಂದು ಪಾದಕ್ಕೂ ಪಲ್ಸ್ ಆಕ್ಸಿಮೀಟರ್ ಹಾಕಿ, ಹುಟ್ಟಿ 24 ಗಂಟೆಯಾದ ಮೇಲೆ ಆಮ್ಲಜನಕ 95ಕ್ಕಿಂತ ಕಡಿಮೆ ಇದೆಯೇ, ಕೈಕಾಲಿನ ನಡುವೆ ಮೂರಕ್ಕಿಂತ ಹೆಚ್ಚು ಅಂತರವಿದೆಯೇ ಎಂದು ನೋಡುವ ಪರೀಕ್ಷೆಯನ್ನು ಅಮೆರಿಕ 2011ರಲ್ಲಿ ಎಲ್ಲ ಶಿಶುಗಳಿಗೂ ಶಿಫಾರಸು ಮಾಡಿತು. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ವಿಎಸ್‌ಡಿ ಇದರಲ್ಲಿ ಸಿಗುವುದಿಲ್ಲ, ಆದರೆ ತಕ್ಷಣ ಆಪರೇಷನ್ ಬೇಕಾದ ನೀಲಿ ಮಕ್ಕಳು ಸಿಗುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಹೆರಿಗೆಯಾದ ಪ್ರತಿ ಮಗುವಿಗೆ ಇದನ್ನು ಕೇಳಿ ಮಾಡಿಸಿಕೊಳ್ಳಿ ಎಂದು ನಿಮ್ಮೂರಿನ ಗರ್ಭಿಣಿಯರಿಗೆ ಹೇಳಿ.

ದೇಶದೇಶಗಳ ನಡುವೆ ನಿಜವಾಗಿ ಹೆದರಿಸುವ ಅಂತರ ಇರುವುದು ಹುಟ್ಟಿದ ನಂತರದ ದಾರಿಯಲ್ಲಿ. 2017ರಲ್ಲಿ ಜಗತ್ತಿನಾದ್ಯಂತ ಹುಟ್ಟು ಹೃದ್ರೋಗದಿಂದ ಸತ್ತವರು ಸುಮಾರು 2 ಲಕ್ಷ 61 ಸಾವಿರ ಎಂದು ಅಂದಾಜು, ಅದರಲ್ಲಿ 1 ಲಕ್ಷ 80 ಸಾವಿರ ಒಂದು ವರ್ಷ ತುಂಬದ ಕೂಸುಗಳು. ಬಹುಪಾಲು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯೊಂದಿಗೆ ಹುಟ್ಟಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಕ್ಕಳು ದೊಡ್ಡವರಾಗುತ್ತಾರೆ. ಅಲ್ಲಿ ಇಂದು ಹುಟ್ಟು ಹೃದ್ರೋಗವಿರುವ ಮಕ್ಕಳಿಗಿಂತ ಅದೇ ಕಾಯಿಲೆಯ ವಯಸ್ಕರೇ ಹೆಚ್ಚು. ಒಂದು ಉದಾಹರಣೆ ನಿಮ್ಮ ಶಾಲೆಯ ಅಂಗಳದಲ್ಲೇ ಸಿಗಬಹುದು. ನಾಲ್ಕು ಹೆಜ್ಜೆ ಓಡಿ, ತುಟಿ ಉಗುರು ನೀಲಿಯಾಗಿ, ಕುಕ್ಕರಗಾಲಲ್ಲಿ ಕೂತು ಸುಧಾರಿಸಿಕೊಳ್ಳುವ ಮಗು. ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗೇ ಇರುವ ಫ್ಯಾಲೋಟ್ ಟೆಟ್ರಾಲಜಿಯ ಲಕ್ಷಣ ಅದು. ಯುರೋಪಿನ ಎಳೆಯ ಡಾಕ್ಟರುಗಳು ಇದನ್ನು ಪುಸ್ತಕದಲ್ಲಿ ಓದುತ್ತಾರೆ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಆಪರೇಷನ್ ಮುಗಿದಿರುತ್ತದೆ. ನಮ್ಮ ಕಡೆಯ ಡಾಕ್ಟರುಗಳು ಈಗಲೂ ಕಣ್ಣಾರೆ ನೋಡುತ್ತಾರೆ.

ಇಲ್ಲಿ ಒಂದು ಕಹಿ ಮಾತು. ಆಪರೇಷನ್ ಬೇಕೆಂದ ಮೇಲೂ ಮಗಳಾದರೆ ಹಿಂದೆಗೆಯುವುದು, ಮಗನಾದರೆ ಸಾಲ ಮಾಡಿಯಾದರೂ ಬರುವುದು ದೆಹಲಿಯ ಅಧ್ಯಯನವೊಂದರಲ್ಲಿ ಎದ್ದು ಕಂಡಿದೆ. ಆಸ್ಪತ್ರೆಯ ದಾಖಲೆಯಲ್ಲಿ ಗಂಡುಮಕ್ಕಳೇ ಹೆಚ್ಚು ಕಂಡರೆ ಅದರಲ್ಲಿ ಇದರ ಪಾಲೂ ಇರುತ್ತದೆ. ನೀವು ಮಗಳಿಗಾಗಿ ಇಷ್ಟು ಓದಿ ಪತ್ರ ಬರೆದಿದ್ದೀರಿ, ನಿಮಗೆ ಹೇಳಿದ ಮಾತಲ್ಲ ಇದು.

ಹಣದ ಚಿಂತೆಗೆ ದಾರಿಯಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ನೀವು ಶಾಲೆಯಲ್ಲಿ ಆರ್‌ಬಿಎಸ್‌ಕೆ ಅನ್ನುವಂಥದ್ದು, 2013ರಿಂದ ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ, ಹುಟ್ಟು ಹೃದ್ರೋಗ ಅದರ ಪಟ್ಟಿಯಲ್ಲಿದೆ. ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬಂದಾಗ ಆ ಕುಕ್ಕರಗಾಲಿನ ಮಗುವನ್ನು ನೀವೇ ಮುಂದೆ ತಂದು ನಿಲ್ಲಿಸಿ, ಸಾಲಿನಲ್ಲಿ ಅದು ಹಿಂದೆ ಉಳಿದುಬಿಡುತ್ತದೆ. ಒಂದು ಕಾಲಕ್ಕೆ ಹೃದಯ ಎಂದರೆ ಬೆಂಗಳೂರಿನ ಬಸ್ಸು ಹತ್ತಬೇಕಿತ್ತು. ಈಗ ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಎರಡನೇ ಮಗುವಿನ ಪ್ರಶ್ನೆಗೆ ನನ್ನ ಉತ್ತರ: ಧೈರ್ಯ ಮಾಡಿ. ಒಂದು ಮಗುವಿಗೆ ಇಂಥ ತೂತಿದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ನೂರಕ್ಕೆ 2-3, ನಿಮ್ಮ ಸಂಬಂಧ ಮತ್ತು ತಮ್ಮನ ಮಗುವಿನ ಕಾರಣ ಸ್ವಲ್ಪ ಮೇಲೆ ಹಿಡಿಯಿರಿ. ಆದರೂ ಚೆನ್ನಾಗಿ ಹುಟ್ಟುವ ಸಾಧ್ಯತೆಯೇ ಎಷ್ಟೋ ಪಟ್ಟು ದೊಡ್ಡದು. ಮಗುವಿನ ಹೃದಯದ ಮುಖ್ಯ ರಚನೆ ಎಂಟು ವಾರದೊಳಗೆ ಮುಗಿದುಹೋಗುತ್ತದೆ, ಅಂದರೆ ತಾಯಿ ಕಾರ್ಡ್ ಮಾಡಿಸಲು ಹೋಗುವ ಹೊತ್ತಿಗೆ. ಆದ್ದರಿಂದ ತಯಾರಿ ಅದಕ್ಕೂ ಮುಂಚೆ ಆಗಬೇಕು. ಗರ್ಭ ನಿಲ್ಲುವ ಮೊದಲೇ ಸಕ್ಕರೆ ಪರೀಕ್ಷೆ ಮಾಡಿಸಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮಗುವಿನ ಹೃದಯದೋಷದ ಅಪಾಯವನ್ನು ಮೂರು ನಾಲ್ಕು ಪಟ್ಟು ಏರಿಸುತ್ತದೆ, ಸಂಬಂಧದ ಮದುವೆಗಿಂತ ಜೋರಾಗಿ. ನಿಮ್ಮ ಯಜಮಾನರನ್ನು ಬದಲಿಸಲಾಗದು, ಸಕ್ಕರೆಯನ್ನು ಹತೋಟಿಗೆ ತರಬಹುದು. ಫೋಲಿಕ್ ಆಮ್ಲದ ಮಾತ್ರೆಯನ್ನೂ ಆಗಲೇ ಶುರುಮಾಡಿ. ಕೆನಡಾದಲ್ಲಿ 1998ರಿಂದ ಹಿಟ್ಟಿಗೇ ಅದನ್ನು ಬೆರೆಸತೊಡಗಿದ ಮೇಲೆ ಕ್ವೆಬೆಕ್ ಪ್ರಾಂತದಲ್ಲಿ ತೀವ್ರ ಹೃದಯದೋಷಗಳು ವರ್ಷವರ್ಷ ಇಳಿದದ್ದು ದಾಖಲಾಗಿದೆ. ಗರ್ಭಿಣಿಗೆ ತಗುಲಿದರೆ ಮಗುವಿನ ಹೃದಯಕ್ಕೂ ಕುತ್ತು ತರುವ ಸೋಂಕು ರುಬೆಲ್ಲಾ. ಅದರ ಲಸಿಕೆ ಹಾಕಿಸಿಕೊಂಡ ನೆನಪಿಲ್ಲದಿದ್ದರೆ ಗರ್ಭ ನಿಲ್ಲುವ ಮೊದಲು ಕೇಳಿ ಹಾಕಿಸಿಕೊಳ್ಳಿ, ಆಮೇಲೆ ಒಂದು ತಿಂಗಳು ಕಾಯಿರಿ. 2017ರ ಅಭಿಯಾನದಲ್ಲಿ ಮಕ್ಕಳಿಗೆ ಹಾಕಿದರು, ನಿಮ್ಮ ವಯಸ್ಸಿನವರು ಅದರಲ್ಲಿ ಬಿಟ್ಟುಹೋಗಿದ್ದಾರೆ. ಗ್ರಹಣದ ದಿನ ಹೊರಗೆ ಹೋದದ್ದಕ್ಕೂ ಹೃದಯಕ್ಕೂ ಸಂಬಂಧವಿಲ್ಲ. 18ರಿಂದ 22 ವಾರದೊಳಗೆ ಭ್ರೂಣದ ಎಕೋ ಮಾಡಿಸಿ, ಮಾಮೂಲಿ ಸ್ಕ್ಯಾನ್ ಸಾಲದು.

ಇನ್ನು ಮಗಳದು. ಮುಂದಿನ ಎಕೋದಲ್ಲಿ ಕೇಳಬೇಕಾದ್ದು: ತೂತು ಗೋಡೆಯ ಯಾವ ಭಾಗದಲ್ಲಿದೆ, ಮಹಾಪಧಮನಿ ಕವಾಟದ ಎಸಳು ನೆಟ್ಟಗಿದೆಯೇ, ಶ್ವಾಸಕೋಶದ ಒತ್ತಡ ಸಹಜವಾಗಿದೆಯೇ, ಎಡ ಕೋಣೆ ಹಿಗ್ಗಿದೆಯೇ. ದೊಡ್ಡ ತೂತಾಗಿದ್ದರೆ ಒಂದು ವರ್ಷದೊಳಗೇ ಮುಚ್ಚಬೇಕಿತ್ತು, ತಡಮಾಡಿದರೆ ಶ್ವಾಸಕೋಶದ ರಕ್ತನಾಳಗಳು ಗಡುಸಾಗಿ ಆಮೇಲೆ ಆಪರೇಷನ್ನೂ ಮಾಡಲಾಗದ ಸ್ಥಿತಿ ಬರುತ್ತದೆ. ನಿಮಗೆ 14 ತಿಂಗಳಾದರೂ ಕಾಯಿರಿ ಎಂದಿದ್ದಾರೆಂದರೆ ಆ ಬಗೆಯದಲ್ಲ ಎಂದೇ ಊಹಿಸುತ್ತೇನೆ, ಆದರೆ ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ. ಲಸಿಕೆ ಯಾವುದನ್ನೂ ತಪ್ಪಿಸಬೇಡಿ. ಓಡಾಟಕ್ಕೆ ಕಡಿವಾಣ ಬೇಡ, ರಾಗಿ ಸರಿ, ಮುದ್ದೆ, ಮೊಟ್ಟೆ ಎಲ್ಲ ಕೊಡಿ. ಹಲ್ಲು ಬಂದಿವೆಯಲ್ಲ, ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವ ಅಭ್ಯಾಸವಿದ್ದರೆ ಬಿಡಿಸಿ. ಹುಳುಕು ಹಲ್ಲಿನ ಸೋಂಕು ರಕ್ತಕ್ಕಿಳಿದು ತೂತಿನ ಅಂಚಿನಲ್ಲಿ ಕೂರಬಹುದು. ಕಾರಣ ಗೊತ್ತಾಗದ ಜ್ವರ ವಾರಕ್ಕಿಂತ ಹೆಚ್ಚು ಎಳೆದರೆ ಆಂಟಿಬಯಾಟಿಕ್ ಕೊಡುವ ಮೊದಲು ರಕ್ತವನ್ನು ಕಲ್ಚರ್‌ಗೆ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸಬೇಕೇ ಎಂದು ಡಾಕ್ಟರನ್ನು ಕೇಳಿ, ಎಕೋ ವರದಿಯ ಒಂದು ಪ್ರತಿ ಸದಾ ಜೊತೆಗಿರಲಿ.